ಪದ್ಮಿನಿ ಎಂಜಿನ್ ಬಿಚ್ಚಿಟ್ಟಿದ್ದೇನೆ: ಯಾವುದು ಬದಲಿಸಬೇಕು, ಯಾವುದು ಉಳಿಸಬೇಕು?

ಘಾಟ್ಕೋಪರ್ ಪದ್ಮಿನಿ

ಎಲ್ಲರಿಗೂ ನಮಸ್ಕಾರ. ಗಾಡಿ 1983ರ ಪ್ರೀಮಿಯರ್ ಪದ್ಮಿನಿ, ಅಪ್ಪ ಹೊಸತರಲ್ಲೇ ತೆಗೆದುಕೊಂಡದ್ದು. ಎಂಜಿನ್ ಕುರ್ಲಾ ಕಾರ್ಖಾನೆಯಿಂದ ಬಂದದ್ದೇ ಇವತ್ತಿಗೂ ಉಂಟು, ಬ್ಲಾಕ್ ಮೇಲಿನ ನಂಬರ್ ಆರ್‌ಸಿಯಲ್ಲಿ ಇದ್ದದ್ದೇ. ಇತ್ತೀಚೆಗೆ ಆಕ್ಸಿಲರೇಟರ್ ಒತ್ತಿದರೆ ಹಿಂದೆ ನೀಲಿ ಹೊಗೆ. ಆಯಿಲ್ ಪದೇ ಪದೇ ಹಾಕಬೇಕು. ಎಂಜಿನ್ ಬಿಸಿಯಾಗಿ ಸಿಗ್ನಲ್‌ನಲ್ಲಿ ನಿಂತರೆ ಆಯಿಲ್ ಲೈಟ್ ಮಿಣಮಿಣ ಅನ್ನುತ್ತದೆ.

ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಎಷ್ಟು ಒತ್ತಡ ಏಳುತ್ತದೆ ಅಂತ, ನೋಡಿಸಿದ್ದೆ. ಒಂದನೇ ಸಿಲಿಂಡರ್ 105, ಎರಡನೇದು 100, ಮೂರನೇದು 70, ನಾಲ್ಕನೇದು 105 ಪಿಎಸ್‌ಐ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮೂರನೇದು 110ಕ್ಕೆ ಏರಿತು.

ಈಗ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಿ ಆಯಿತು. ಗ್ಯಾರೇಜಿನ ಮಿಸ್ತ್ರಿ ಹೇಳುವುದು, ಅಳತೆ ಗಿಳತೆ ಎಲ್ಲ ಬೇಡ, ನೇರ 40 ಓವರ್ ಬೋರ್ ಮಾಡಿಸಿ (ಸಿಲಿಂಡರ್ ದೊಡ್ಡದಾಗಿ ಕೊರೆಸಿ) ಪಿಸ್ಟನ್ ಕಿಟ್ ಹಾಕುವ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಮತ್ತು ಕ್ಯಾಮ್ (ವಾಲ್ವ್ ಎತ್ತುವ ಶಾಫ್ಟ್) ಗುಜರಿಯಿಂದ ರೆಡಿ ತರುವ, ವಾಲ್ವ್, ಟ್ಯಾಪೆಟ್ (ಕ್ಯಾಮ್ ಮೇಲೆ ಕೂರುವ ತುಂಡು), ಚೈನ್ ಎಲ್ಲ ಹೊಸದು ಹಾಕುವ, ಹಳೇದು ಒಂದೂ ಇಡುವುದು ಬೇಡ ಅಂತ. ನನ್ನ ಮನಸ್ಸು ಒಪ್ಪುತ್ತಿಲ್ಲ. ನಿಜವಾಗಿ ಸವೆದದ್ದು ಯಾವುದು, ಇನ್ನೂ ಬಾಳುವಂಥದ್ದು ಯಾವುದು ಅಂತ ತಿಳಿದವರು ದಯವಿಟ್ಟು ಹೇಳಿ. ಬೇಕಾದ್ದಕ್ಕೆ ಖರ್ಚು ಮಾಡಲು ತಯಾರಿದ್ದೇನೆ, ಒಳ್ಳೇ ಸಾಮಾನನ್ನು ಗುಜರಿಗೆ ಎಸೆಯಲು ತಯಾರಿಲ್ಲ.

ಒಪೇರಾ ಹೌಸ್ ಕೌಂಟರ್

ಮಾರಾಯ್ರೆ, ಬ್ಲಾಕನ್ನು ಬೋರಿಂಗಿಗೆ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಈಗಲೇ ಫೋನ್ ಮಾಡಿ ನಿಲ್ಲಿಸಿ.

ಒಪೇರಾ ಹೌಸ್‌ನ ಸ್ಪೇರ್ ಪಾರ್ಟ್ ಅಂಗಡಿಯ ಕೌಂಟರಿನಲ್ಲಿ ನಿಂತೇ ನನ್ನ ತಲೆ ಬೆಳ್ಳಗಾದದ್ದು. ಊರು ತುಂಬಾ ಪದ್ಮಿನಿ ಟ್ಯಾಕ್ಸಿ ಓಡುವ ಕಾಲದಲ್ಲಿ ಯಾವ ಸೈಜ್ ಕೇಳಿದರೂ ಮೇಲಿನ ಅಟ್ಟದಿಂದ ಇಳಿಸಿ ಕೊಡುತ್ತಿದ್ದೆವು. ಈಗ ಹಾಗಿಲ್ಲ. ಒಂದು ಕಡೆ 20 ಓವರ್ ಮೂರೇ ಪಿಸ್ಟನ್ ಉಂಟು, ಇನ್ನೊಂದು ಕಡೆ 60 ಓವರ್ ಪೂರ್ತಿ ಸೆಟ್ ಉಂಟು, ಅದಕ್ಕೆ ರಿಂಗ್ ಇಲ್ಲ. ಹಾಗಾಗಿ ಮೊದಲು ಪಿಸ್ಟನ್ ಕೈಗೆ ಬರಬೇಕು, ಬೋರಿಂಗ್ ಆಮೇಲೆ. ಬೋರ್ ಮಾಡಿಸಿಟ್ಟು ಪಿಸ್ಟನ್ ಹುಡುಕಲು ಹೊರಟವರು ಕಡೆಗೆ ಅದೇ ಬ್ಲಾಕನ್ನು ಮತ್ತೂ ದೊಡ್ಡದಾಗಿ ಕೊರೆಸಿದ್ದನ್ನು ಕೌಂಟರಿನ ಈಚೆ ನಿಂತು ಎಷ್ಟೋ ಸಲ ನೋಡಿದ್ದೇನೆ.

ಸಿಕ್ಕಿದ ಮೇಲೂ ಪೆಟ್ಟಿಗೆಯ ಮೇಲಿನ ಅಕ್ಷರ ನಂಬಿ ಕೂರಬೇಡಿ. ನಾಲ್ಕನ್ನೂ ಹೊರಗೆ ತೆಗೆದು ಮೈಕ್ರೊಮೀಟರ್ ಹಿಡಿಯಿರಿ. ಪಿಸ್ಟನ್ ತಲೆಯ ಕಡೆ ಸ್ವಲ್ಪ ಸಣ್ಣ, ಸ್ಕರ್ಟಿನ (ಕೆಳಗಿನ ಗೋಡೆಯ) ಕಡೆ ದೊಡ್ಡ ಇರ್ತದೆ. ಪಿನ್ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಕಡ್ಡಿ) ತೂತಿಗೆ ಅಡ್ಡವಾಗಿ ಸ್ಕರ್ಟಿನಲ್ಲೇ ಅಳೆಯಬೇಕು. ತೂಕವೂ ನೋಡಿ. ಪರಿಚಯದ ಚಿನ್ನದ ಅಂಗಡಿ ಇದ್ದರೆ ಅಲ್ಲಿಯ ತಕ್ಕಡಿ ಸಾಕು. ನಾಲ್ಕು ಪಿಸ್ಟನ್ನಿನ ನಡುವೆ ಒಂದೆರಡು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಸೆಟ್ ಬೇರೆ ಬೇರೆ ಕಡೆಯಿಂದ ಕೂಡಿಸಿದ್ದು ಅಂತ ಅನುಮಾನ ಪಡಿ. ಹಳೇ ಸ್ಟಾಕಿನ ರಿಂಗ್ ಆದರೆ ಎಣ್ಣೆ ಕಾಗದ ಬಿಚ್ಚಿ ತುಕ್ಕಿನ ಚುಕ್ಕೆ ಉಂಟಾ ನೋಡಿಯೇ ದುಡ್ಡು ಕೊಡಿ.

ಭೋಸರಿ ಲೇತ್

ಒಪೇರಾ ಹೌಸ್ ಅಣ್ಣಾರು ಹೇಳಿದ್ದು ಖರೇ ಐತ್ರಿ. ನಾ ಭೋಸರಿಯೊಳಗ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಕೆಲಸ ಮಾಡಾಂವ, ಮೂಲ ಧಾರವಾಡ ಕಡೆ.

ನಿಮ್ಮ ಆ ಒಂದು ಚಮಚ ಆಯಿಲ್ ಅರ್ಧ ಕಥಿ ಹೇಳೇಬಿಟ್ಟೈತಿ. ಆಯಿಲ್ ಬಿಟ್ಟ ಮ್ಯಾಲೆ ಪ್ರೆಷರ್ ಏರಿತು ಅಂದ್ರ ಗಾಳಿ ಸೋರೋದು ರಿಂಗಿನ ಸಂದಿಯಿಂದ. ವಾಲ್ವ್ ಸೋರತಿದ್ರ ಆಯಿಲ್ ಹಾಕಿದ್ರೂ ಗೇಜಿನ ಮುಳ್ಳು ಏಳತಿದ್ದಿಲ್ಲ. ಮೂರನೇ ಸಿಲಿಂಡರಿನ್ಯಾಗ ರಿಂಗ್ ಮುರದಿರಬೇಕು, ಇಲ್ಲಾ ಗ್ವಾಡಿಗೆ ಗೀರು ಬಿದ್ದಿರಬೇಕು.

ಇದು ಫಿಯಾಟ್ 1100ರ ಎಂಜಿನ್. ಬೋರ್ 68 ಮಿ.ಮೀ., ಸ್ಟ್ರೋಕ್ 75, ಒಟ್ಟು 1089 ಸಿಸಿ. ಈಗ ನಿಮ್ಮ ಬೋರ್ 68ರಿಂದ ಎಷ್ಟು ದೂರ ಬಂದೈತಿ ಅನ್ನೋದಷ್ಟ ಪ್ರಶ್ನೆ. ಡಯಲ್ ಬೋರ್ ಗೇಜ್ ಇದ್ದವರ ಕಡೆ ಹೋಗ್ರಿ. ಪ್ರತಿ ಸಿಲಿಂಡರಿನ್ಯಾಗ ಮ್ಯಾಲೆ, ನಡುವ, ಕೆಳಗ ಮೂರು ಕಡೆ, ಪಿನ್ನಿನ ದಿಕ್ಕಿಗೊಮ್ಮೆ, ಅದಕ್ಕ ಅಡ್ಡ ಒಮ್ಮೆ ಅಳೀರಿ. ಮ್ಯಾಲಿನ ಅಳತಿ ರಿಂಗ್ ಬಂದು ತಿರಗೋ ಜಾಗದಾಗ, ಮೆಟ್ಟಲದ ಗತೆ ಕೈಗೆ ಹತ್ತೋ ಅಂಚಿನ ಕೆಳಗ ಹಿಡೀಬೇಕು. ಸವೆತ ಅಲ್ಲೇ ಹೆಚ್ಚು. ಬೆಂಕಿ ಹೊತ್ತಿದಾಗ ಗ್ಯಾಸು ರಿಂಗನ್ನ ಗ್ವಾಡಿಗೆ ಒತ್ತೋದು ಅಲ್ಲೇ, ಕಾವು ಹೆಚ್ಚು ಇರೋದು ಅಲ್ಲೇ, ಆಯಿಲ್ ಕಡಿಮಿ ಮುಟ್ಟೋದೂ ಅಲ್ಲೇ.

ಮಿಸ್ತ್ರಿ ನೇರ 40 ಅಂದ್ರಂತ ಬರದೀರಿ. 20 ಓವರ್ ಅಂದ್ರ ಇಂಚಿನ ಸಾವಿರದ ಇಪ್ಪತ್ತು ಭಾಗ, 0.508 ಮಿ.ಮೀ. 40 ಅಂದ್ರ ಒಂದು ಮಿ.ಮೀ. ಚಿಲ್ಲರ. ಒಂದು ಬ್ಲಾಕಿಗೆ ಇಂಥಾ ಹೆಜ್ಜಿ ಎರಡೋ ಮೂರೋ ಅಷ್ಟ. 20ಕ್ಕ ಸ್ವಚ್ಛ ಆಗೂ ಬೋರನ್ನ 40ಕ್ಕ ಕೊರದ್ರ ಬ್ಲಾಕಿನ ಒಂದು ಜನ್ಮ ಸುಮ್ಮನ ಕಳದಂಗ. ಅಳತಿ ಬರೀರಿ, ಆಮ್ಯಾಲೆ ಮಾತಾಡೂಣು.

ಘಾಟ್ಕೋಪರ್ ಪದ್ಮಿನಿ

ಅಳೆಸಿ ಬಂದೆ. ಒಂದು, ಎರಡು, ನಾಲ್ಕನೇ ಸಿಲಿಂಡರಿನಲ್ಲಿ ಮೇಲೆ ಪಿನ್ನಿಗೆ ಅಡ್ಡವಾಗಿ 68.19ರಿಂದ 68.21, ಪಿನ್ನಿನ ದಿಕ್ಕಿನಲ್ಲಿ 68.12. ಕೆಳಗೆ 68.04. ಮೂರನೇದರಲ್ಲಿ ಮೇಲೆ 68.24. ಅದರ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಗೀರು, ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ನೀವು ಹೇಳಿದ ಹಾಗೇ ಎರಡನೇ ರಿಂಗ್ ಮುರಿದು ಮೂರು ತುಂಡಾಗಿತ್ತು, ಒಂದು ತುಂಡು ಪಿಸ್ಟನ್ನಿನ ರಿಂಗ್ ಕೂರುವ ತೋಡಿನಲ್ಲೇ ಕಚ್ಚಿ ಕೂತಿತ್ತು. ಹಾಗಾದರೆ ಉಳಿದ ಮೂರಕ್ಕೆ 20 ಸಾಕಾ? 0.21 ಸವೆತಕ್ಕೆ 0.50 ಧಾರಾಳ ಆಯಿತಲ್ಲ?

ಚಿಂಚ್ವಡ್ ಮೈಕ್ರಾನ್

ಸಾಕು, ಆದರೆ ನೀವು ಅಂದುಕೊಂಡಷ್ಟು ಧಾರಾಳವಾಗಿಲ್ಲ. ನಾನು ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇರುವವಳು, ದಿನವಿಡೀ ಇದೇ ಕೆಲಸ, ಅದಕ್ಕೇ ಇಲ್ಲಿ ಒಂದು ಲೆಕ್ಕ ಹೇಳಬೇಕು ಅನ್ನಿಸಿತು.

ಸಿಲಿಂಡರ್ ಸುತ್ತಲೂ ಒಂದೇ ಸಮ ಸವೆಯುವುದಿಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗಿ ಒತ್ತುವುದರಿಂದ ಪಿಸ್ಟನ್ ಒಂದು ಮಗ್ಗುಲಿಗೆ ಹೆಚ್ಚು ಉಜ್ಜುತ್ತದೆ. 0.21 ಸವೆತ ಬಹುಪಾಲು ಆ ಒಂದೇ ಮಗ್ಗುಲಲ್ಲಿ ಆಗಿದೆ ಅಂತಿಟ್ಟುಕೊಳ್ಳಿ. ಬೋರಿನ ನಡುಗೆರೆ ಮೂಲದಲ್ಲಿ ಇದ್ದಲ್ಲೇ ಉಳಿಯಬೇಕಾದರೆ ಎದುರು ಮಗ್ಗುಲಲ್ಲೂ ಅಷ್ಟೇ ಲೋಹ ತೆಗೆಯಬೇಕು. ಅಂದರೆ ವ್ಯಾಸ 0.42 ಹೆಚ್ಚಾಗುತ್ತದೆ. 0.508ರ ಒಳಗೇ ಇದೆ, ಆದರೆ ಉಳಿದದ್ದು ಹೋನಿಂಗಿಗೆ, ಅಂದರೆ ಕೊನೆಯ ಉಜ್ಜಿಕೆಗೆ, ಬೇಕು. ಸವೆದು ಹೋದ ರಂಧ್ರದ ನಡುವಿಗೆ ಸೆಂಟರ್ ಹಿಡಿದು ಬೋರ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಕಡಿಮೆ ತೆಗೆದಂತೆ ಕಾಣುತ್ತದೆ, ಆದರೆ ಸಿಲಿಂಡರೇ ಪಕ್ಕಕ್ಕೆ ಸರಿದಿರುತ್ತದೆ. ಸವೆಯದೇ ಇರುವ ಕೆಳಗಿನ ಭಾಗಕ್ಕೆ ಸೆಂಟರ್ ಹಿಡಿಯಿರಿ ಅಂತ ಬೋರಿಂಗಿನವರಿಗೆ ಮೊದಲೇ ಹೇಳಿ.

ಮೂರನೆಯದು 20ಕ್ಕೆ ಆಗುವುದಿಲ್ಲ. 20 ಓವರ್ ಮಾಡಿದರೆ ಒಂದು ಮಗ್ಗುಲಲ್ಲಿ ಮೂಲ ಅಳತೆಯಿಂದ 0.254 ಹೋಗುತ್ತದೆ. ಸವೆತವೇ 0.24 ಇರುವಾಗ ಗೀರಿಗೆ ಉಳಿದದ್ದು ನೂರರ ಒಂದೂವರೆ ಭಾಗ ಮಿಲಿಮೀಟರ್. ಉಗುರು ಸಿಕ್ಕುವ ಗೀರು ಅದಕ್ಕಿಂತ ಆಳ ಇದ್ದೇ ಇರುತ್ತದೆ.

ಭೋಸರಿ ಲೇತ್

ಅಕ್ಕಾರ ಲೆಕ್ಕ ಬರೋಬ್ಬರಿ ಐತಿ. ಈಗ ದಾರಿ ಎರಡ. ನಾಲ್ಕೂ 40ಕ್ಕ ಒಯ್ಯೋದು, ಇಲ್ಲಾ ಮೂರನೇದಕ್ಕ ಸ್ಲೀವ್ (ಒಳಗ ಕೂಡಸೂ ಹೊಸ ಕೊಳವಿ) ಹಾಕಿ ನಾಲ್ಕೂ 20ಕ್ಕ ತರೋದು. ಒಂದಕ್ಕ 40, ಉಳಿದವಕ್ಕ 20 ಅಂತ ಯಾರರೆ ಹೇಳಿದ್ರ ಬ್ಯಾಡ ಅನ್ರಿ, ಪಿಸ್ಟನ್ ತೂಕ ಹೊಂದಂಗಿಲ್ಲ. ನಾ ಆದ್ರ ಸ್ಲೀವ್ ಹಾಕತೀನಿ.

ಮುಲುಂಡ್ ಮೀಟರ್

ಸ್ಲೀವ್ ಬಗ್ಗೆ ನನಗೆ ಭಯ ಇದೆ. ಕೆಳಕ್ಕೆ ಜಾರಿ ಕ್ರ್ಯಾಂಕಿಗೆ ತಗಲಿದ್ದು ನಮ್ಮ ಸ್ನೇಹಿತರ ಗಾಡಿಯಲ್ಲಿ ನೋಡಿದ್ದೇನೆ. 40 ಓವರ್ ಮಾಡಿಸಿ ನೆಮ್ಮದಿಯಾಗಿರುವುದು ಒಳ್ಳೆಯದಲ್ಲವಾ? ಕಾರನ್ನು ಇನ್ನು ಎಷ್ಟು ಓಡಿಸುತ್ತೀರಿ, ಭಾನುವಾರ ಬಾಂದ್ರಾ ತನಕ. ಅಷ್ಟಕ್ಕೆ ಮುಂದಿನ ಜನ್ಮದ ಚಿಂತೆ ಯಾಕೆ?

ಭೋಸರಿ ಲೇತ್

ಭಯ ಪಡೋದು ಸಹಜ ಐತ್ರಿ, ಕೆಟ್ಟ ಸ್ಲೀವ್ ಕೆಲಸ ನಾನೂ ಬೇಕಾದಷ್ಟು ಕಿತ್ತು ತಗದೀನಿ. ಜಾರೋದಕ್ಕ ಕಾರಣ ಎರಡ. ಬ್ಲಾಕಿನ ತೂತು ಪೂರ್ತಿ ಆರಪಾರ ಕೊರದು ಕೆಳಗ ತಡೀಲಿಕ್ಕೆ ಏನೂ ಬಿಟ್ಟಿರಂಗಿಲ್ಲ, ಇಲ್ಲಾಂದ್ರ ಸ್ಲೀವ್ ಕೈಯಿಂದ ಬಡದ್ರೂ ಇಳಿಯೂ ಅಷ್ಟು ಸಡಲ ಇರ್ತೈತಿ. ಸರಿಯಾದ ಪದ್ಧತಿ ಅಂದ್ರ ತಳದಾಗ ಒಂದು ಸಣ್ಣ ಮೆಟ್ಲ ಬಿಟ್ಟು ಕೊರೀಬೇಕು, ಸ್ಲೀವಿನ ಕೆಳಗಿನ ತುದಿ ಅದರ ಮ್ಯಾಲೆ ಕುಂದ್ರಬೇಕು. ಹೊರಗಿನ ವ್ಯಾಸ ತೂತಿಗಿಂತ ಸ್ವಲ್ಪ ದೊಡ್ಡದಿರಬೇಕು, ಹೈಡ್ರಾಲಿಕ್ ಪ್ರೆಸ್ಸಿನಿಂದನ ಇಳೀಬೇಕು. ಬಿಗಿ ಕೂತ ಸ್ಲೀವ್ ಕಾವನ್ನೂ ಬ್ಲಾಕಿಗೆ ದಾಟಸ್ತೈತಿ. ಇಳಿಸಿದ ಮ್ಯಾಲೆ ಬ್ಲಾಕಿನ ಮ್ಯಾಲ್ಮೈ ಒಂದು ಸಣ್ಣ ಕಟ್ ತಗದು ಸಮ ಮಾಡಿ, ಆಮ್ಯಾಲೆ ನಾಲ್ಕೂ ಬೋರ್ ಒಂದ ಸೆಟ್ಟಿಂಗಿನ್ಯಾಗ ಮಾಡಬೇಕು. ಸ್ಲೀವ್ ಒತ್ತಿದಾಗ ಬಾಜೂದ ಸಿಲಿಂಡರ್ ಗ್ವಾಡಿ ಕೂದಲೆಳಿಯಷ್ಟು ಒಳಗ ಬರ್ತೈತಿ. ಮದಲ ಬೋರ್ ಮಾಡಿ ಆಮ್ಯಾಲೆ ಸ್ಲೀವ್ ಹಾಕಿದ್ರ ಎರಡನೇದೂ ನಾಲ್ಕನೇದೂ ಅಳತಿ ತಪ್ಪತಾವ.

ಭಾನುವಾರದ ಗಾಡಿ ಅಂದ್ರಿ. ಇದು ಅವರ ತಂದಿ ಹೊಸತಿದ್ದಾಗ ತಗೊಂಡ ಗಾಡಿ, ನಂಬರ್ ಸುದ್ದಾ ಅದ. ಇಂಥಾ ಬ್ಲಾಕ್ ಮತ್ತ ಹುಟ್ಟೂದಿಲ್ಲ. ಅದಕ್ಕ ನಾ ಒಂದು ಹೆಜ್ಜಿ ಉಳಿಸೂಣು ಅನ್ನೋದು.

ಸಾಕಿನಾಕಾ ಸ್ಕ್ರೂ

ಇಷ್ಟೆಲ್ಲ ಯಾಕೆ? ಕುರ್ಲಾ ಸಿಎಸ್‌ಟಿ ರೋಡಿನ ಗುಜರಿಯಲ್ಲಿ ಟ್ಯಾಕ್ಸಿ ಎಂಜಿನ್ ಇಡಿಯಾಗಿ ಸಿಗುವುದಿಲ್ಲವಾ? ತಂದು ಕೂರಿಸಿದರೆ ಮುಗಿಯಿತು.

ಒಪೇರಾ ಹೌಸ್ ಕೌಂಟರ್

ಮೊದಲಿನಂತೆ ಸಿಗುವುದಿಲ್ಲ. ಮುಂಬಯಿಯ ಕಡೇ ಪದ್ಮಿನಿ ಟ್ಯಾಕ್ಸಿ ತಾಡ್‌ದೇವ್ ಆರ್‌ಟಿಒದಲ್ಲಿ ನೋಂದಣಿ ಆದದ್ದು 2003ರ ಅಕ್ಟೋಬರ್ 29ಕ್ಕೆ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅದೂ ರಸ್ತೆಯಲ್ಲಿಲ್ಲ. ಉಳಿದ ಗಾಡಿಗಳು ಅದಕ್ಕೂ ಎಷ್ಟೋ ಮೊದಲೇ ಗುಜರಿ ಸೇರಿದವು. ಅಪರೂಪಕ್ಕೆ ಸಿಕ್ಕಿದ ಟ್ಯಾಕ್ಸಿ ಎಂಜಿನ್ ಅಂದರೆ ಹಗಲು ರಾತ್ರಿ ಪಾಳಿಯಲ್ಲಿ ದುಡಿದದ್ದು, ಬಹಳಷ್ಟು ಸಿಎನ್‌ಜಿಯಲ್ಲಿ ಓಡಿದ್ದು. ಸಿಎನ್‌ಜಿ ಒಣ ಇಂಧನ, ವಾಲ್ವ್ ಸೀಟು ತಿಂದು ಹಾಕಿರ್ತದೆ. ಬ್ಲಾಕು 60ಕ್ಕೆ ಹೋಗಿಯೂ ಇರಬಹುದು.

ಇನ್ನೊಂದು, ಬ್ಲಾಕ್ ಬದಲಾದರೆ ಎಂಜಿನ್ ನಂಬರ್ ಬದಲಾಯಿತು. ಆರ್‌ಟಿಒದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ನಂಬರ್ ಹೊಂದದಿದ್ದರೆ ಅಲ್ಲೇ ತಡೆ. ಗುಜರಿಯಿಂದ ತರುವುದಾದರೆ ರಾಕರ್ ಶಾಫ್ಟ್, ಟೈಮಿಂಗ್ ಕವರ್, ಸಂಪ್ ಇಂಥದ್ದು ತನ್ನಿ. ಅದಕ್ಕೆ ಸಿಎಸ್‌ಟಿ ರೋಡ್ ಒಳ್ಳೇ ಜಾಗ.

ಘಾಟ್ಕೋಪರ್ ಪದ್ಮಿನಿ

ಸ್ಲೀವ್ ಹಾಕಿಸುವುದು ಅಂತ ತೀರ್ಮಾನ ಮಾಡಿದೆ. 20 ಓವರ್ ಪಿಸ್ಟನ್ ಸೆಟ್ ಪುಣೆಯ ನಾನಾ ಪೇಟೆಯಲ್ಲಿ ಸಿಕ್ಕಿತು, ರಿಂಗ್ ಸಮೇತ. ತೂಕವೂ ಹೊಂದಿತು. ಇನ್ನು ಕ್ರ್ಯಾಂಕ್. ನೋಡಲು ಫಳಫಳ ಅನ್ನುತ್ತದೆ. ಮಿಸ್ತ್ರಿ ಮಾತ್ರ ಬದಲಿಸಿ ಅಂತಲೇ ಹೇಳುತ್ತಾರೆ.

ಭೋಸರಿ ಲೇತ್

ಕಣ್ಣಿಗೆ ಫಳಫಳ ಅಂದಿದ್ದು ಮೈಕ್ರೊಮೀಟರಿಗೆ ಮೊಟ್ಟಿ ಆಕಾರ ಕಾಣಬಹುದು. ಪ್ರತಿ ಜರ್ನಲ್ (ಬೇರಿಂಗಿನ್ಯಾಗ ತಿರಗೂ ದುಂಡನ ಭಾಗ) ಎರಡು ದಿಕ್ಕಿಗೆ, ಎರಡು ತುದಿಗೆ ಅಳೀರಿ. ಈ ಎಂಜಿನ್ನಿಗೆ ಮೇನ್ ಬೇರಿಂಗ್ ಮೂರ, ರಾಡ್ ಜರ್ನಲ್ ನಾಲ್ಕು. ಗೋಲ ತಪ್ಪಿದ್ದು ಒಂದೆರಡು ಶತಾಂಶದೊಳಗ ಇದ್ದು, ಗೀರು ಇಲ್ಲಾಂದ್ರ ಪಾಲಿಶ್ ಸಾಕು. ಅದನ್ನ ದಾಟಿದ್ರ 10 ಅಂಡರ್ ಗ್ರೈಂಡಿಂಗ್, ಅಂದ್ರ ಇಂಚಿನ ಸಾವಿರದ ಹತ್ತು ಭಾಗ ಸಣ್ಣ ಮಾಡೋದು. ಹಳೇ ಬೇರಿಂಗ್ ಶೆಲ್ (ಅರ್ಧ ಬಳಿಯಂಥಾ ಪಟ್ಟಿ) ಒಗೀಬ್ಯಾಡ್ರಿ. ಅದರ ಬೆನ್ನ ಮ್ಯಾಲೆ ಸೈಜಿನ ಮುದ್ರಿ ಇರ್ತೈತಿ, ಕ್ರ್ಯಾಂಕ್ ಮದಲ ಎಷ್ಟು ಸಲ ಗ್ರೈಂಡ್ ಆಗೈತಿ ಅಂತ ಅದ ಹೇಳತೈತಿ. ಶೆಲ್ಲಿನ ಹೊಟ್ಟಿ ಸುದ್ದಾ ನೋಡ್ರಿ. ಒಂದ ತುದಿಗೆ ಸವದಿದ್ರ ರಾಡ್ ಬಗ್ಗೈತಿ ಅಂತ. ಸಣ್ಣ ಸಣ್ಣ ಕಪ್ಪು ಕಣ ಚುಚ್ಚಿಕೊಂಡಿದ್ರ ಆಯಿಲ್ ಹೊಲಸಿತ್ತು ಅಂತ.

ಗುಜರಿ ಕ್ರ್ಯಾಂಕ್ ನನಗ ಬಿಲ್ಕುಲ್ ಬ್ಯಾಡ. ಅದು 30 ಅಂಡರ್ ಆಗಿರಬಹುದು, ಬಗ್ಗಿರಬಹುದು, ಒಳಗ ಬಿರುಕು ಇರಬಹುದು. ನಿಮ್ಮ ಕ್ರ್ಯಾಂಕಿನ ಇತಿಹಾಸ ನಿಮಗ ಗೊತ್ತೈತಿ.

ಘಾಟ್ಕೋಪರ್ ಪದ್ಮಿನಿ

ಶೆಲ್ಲಿನ ಬೆನ್ನಲ್ಲಿ ಸ್ಟ್ಯಾಂಡರ್ಡ್ ಅಂತ ಉಂಟು. ಇದುವರೆಗೆ ಗ್ರೈಂಡ್ ಆಗಿಯೇ ಇಲ್ಲ! ಮೇನ್ ಮೂರೂ ಒಳ್ಳೇದಿವೆ. ಮೂರನೇ ರಾಡ್ ಜರ್ನಲ್ 0.04 ಗೋಲ ತಪ್ಪಿದೆ, ಉಳಿದವು 0.01.

ಭೋಸರಿ ಲೇತ್

ಭಾಳ ಚಲೋ ಆತು. ಮೇನ್ ಪಾಲಿಶ್ ಮಾಡಿಸಿ ಹೊಸ ಸ್ಟ್ಯಾಂಡರ್ಡ್ ಶೆಲ್ ಹಾಕ್ರಿ. ರಾಡ್ ಜರ್ನಲ್ ನಾಲ್ಕೂ 10 ಅಂಡರ್. ಮೇನ್ ಒಂದು ಸೈಜು, ರಾಡ್ ಒಂದು ಸೈಜು ಇದ್ರ ತ್ರಾಸಿಲ್ಲ. ಆದ್ರ ರಾಡಿನ ನಾಲ್ಕರೊಳಗ ಬ್ಯಾರೆ ಬ್ಯಾರೆ ಮಾಡಬ್ಯಾಡ್ರಿ, ಶೆಲ್ ಸೆಟ್ಟಾಗಿ ಬರ್ತಾವ.

ಗ್ರೈಂಡಿಂಗಿನವರ ಕಡೆ ನಿಂತು ಎರಡು ಮಾತು ಹೇಳ್ರಿ. ಒಂದು, ಜರ್ನಲ್ ಮತ್ತ ಪಕ್ಕದ ಗ್ವಾಡಿ ಕೂಡೂ ಮೂಲ್ಯಾಗ ದುಂಡನ ತಿರುವು ಇರ್ತೈತಿ, ಅದನ್ನ ಹಂಗ ಇಡ್ರಿ. ಚೂಪ ಮೂಲಿ ಆದ್ರ ಬಿರುಕು ಅಲ್ಲಿಂದನ ಶುರು ಆಗೋದು. ಎರಡು, ಆಯಿಲ್ ದಾರಿಯ ಪ್ಲಗ್ ತಗದು ಒಳಗ ಬ್ರಶ್ ಹಾಕಿ ಸೀಮೆಎಣ್ಣಿ, ಗಾಳಿಯಿಂದ ತೊಳೀರಿ. ಕ್ರ್ಯಾಂಕಿನ ಆ ತೂತಿನ್ಯಾಗ ಇಷ್ಟು ವರ್ಷದ ಮಸಿ ಗಟ್ಟಿಯಾಗಿ ಕೂತಿರ್ತೈತಿ, ಅದರ ಮ್ಯಾಲೆ ಗ್ರೈಂಡಿಂಗಿನ ಪುಡಿ. ತೊಳೀದ ಜೋಡಿಸಿದ್ರ ಮದಲನೇ ಸ್ಟಾರ್ಟಿನ್ಯಾಗನ ಹೊಸ ಶೆಲ್ ತಿಂದು ಹಾಕತೈತಿ.

ಚಿಂಚ್ವಡ್ ಮೈಕ್ರಾನ್

ಜೋಡಿಸುವಾಗ ಪ್ಲಾಸ್ಟಿಗೇಜ್ ಉಪಯೋಗಿಸಿ. ಮೇಣದ ದಾರದಂಥ ಸಣ್ಣ ಎಳೆ. ಒಣ ಜರ್ನಲ್ ಮೇಲೆ ಉದ್ದಕ್ಕೆ ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಟಾರ್ಕ್ ಕೊಟ್ಟು (ಹೇಳಿದಷ್ಟು ಬಿಗಿದು) ಬಿಚ್ಚಬೇಕು. ಎಳೆ ಎಷ್ಟು ಅಗಲ ಚಪ್ಪಟೆಯಾಗಿದೆ ಅಂತ ಅದರ ಜೊತೆ ಬರುವ ಪಟ್ಟಿಯಲ್ಲಿ ಹೊಂದಿಸಿದರೆ ಸಂದಿ ಗೊತ್ತಾಗುತ್ತದೆ. ಮಧ್ಯೆ ಕ್ರ್ಯಾಂಕ್ ತಿರುಗಿಸಬಾರದು, ಎಳೆ ಉಜ್ಜಿ ಹೋಗುತ್ತದೆ. ಸಾಮಾನ್ಯ ಲೆಕ್ಕ, ಜರ್ನಲ್ ವ್ಯಾಸದ ಸಾವಿರದ ಒಂದು ಭಾಗ. 50 ಮಿ.ಮೀ. ಜರ್ನಲಿಗೆ 0.05ರ ಆಸುಪಾಸು.

ಕ್ಯಾಪ್‌ಗಳನ್ನು ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ. ಪಂಚ್ ಗುರುತು ಇಲ್ಲದಿದ್ದರೆ ಈಗಲೇ ಹೊಡೆಯಿರಿ.

ರಿಂಗ್ ಗ್ಯಾಪ್ ಕೂಡ ಹೊಸ ಬೋರಿನಲ್ಲೇ ನೋಡಬೇಕು. ರಿಂಗನ್ನು ಒಳಗೆ ಬಿಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವೆ ಫೀಲರ್ (ತೆಳು ಅಳತೆ ಪಟ್ಟಿ) ಹಾಕಿ. ಈ ಬೋರಿಗೆ 0.20ರಿಂದ 0.30 ಸರಿಯಾಗುತ್ತದೆ. ತೀರಾ ಕಡಿಮೆಯಿದ್ದರೆ ಬಿಸಿಯಲ್ಲಿ ತುದಿಗಳು ಕೂಡಿ ರಿಂಗ್ ಮತ್ತೆ ಮುರಿಯುತ್ತದೆ.

ಮಡಗಾಂವ್ 1100

ಗೋವಾದಿಂದ ನಮಸ್ಕಾರ. ನಮ್ಮದು ಕಾರವಾರ, ಗಾಡಿ ಹಳೇ ಫಿಯಾಟ್ 1100, ಪದ್ಮಿನಿಗೂ ಮುಂಚಿನದು. ಚರ್ಚೆ ಇಡೀ ಬ್ಲಾಕಿನ ಕೆಳಗೇ ನಡೆಯುತ್ತಿದೆ, ಹೆಡ್ಡಿನ ಬಗ್ಗೆ ಯಾರೂ ಎತ್ತಲಿಲ್ಲ. ನಮ್ಮ ಕಡಲ ಬದಿಯಲ್ಲಿ ಮೊದಲು ಸಾಯುವುದು ಅದೇ.

ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯುಮಿನಿಯಂ. ಕೂಲೆಂಟ್ ಹಾಕದೆ ಬರೀ ಬಾವಿ ನೀರಿನಲ್ಲಿ ಓಡಿಸಿದ ಗಾಡಿಯ ಹೆಡ್ ತಿರುಗಿಸಿ ನೋಡಿ. ನೀರಿನ ತೂತುಗಳ ಅಂಚು ಗೆದ್ದಲು ತಿಂದ ಹಾಗೆ ಕರಗಿರುತ್ತದೆ. ಕರಗಿದ ಜಾಗ ಗ್ಯಾಸ್ಕೆಟ್ಟಿನ ಬೆಂಕಿ ಬಳೆಯ ಹತ್ತಿರ ಬಂದಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಮತ್ತೆ ಮಟ್ಟ ಮಾಡಿಸಬೇಕು. ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಫೀಲರ್ ತೂರಿಸಿ. 0.05 ಹೋದರೆ ಪರವಾಗಿಲ್ಲ, 0.10 ಸಲೀಸಾಗಿ ಹೋದರೆ ಮೇಲ್ಮೈ ತೆಗೆಸಿ, ಬೇಕಾದಷ್ಟೇ. ಹೆಚ್ಚು ತೆಗೆದರೆ ಕಂಪ್ರೆಷನ್ ಏರಿ ಎಂಜಿನ್ ಬಡಿಯುತ್ತದೆ.

ಬ್ಲಾಕಿನ ಪಕ್ಕದ ಕೋರ್ ಪ್ಲಗ್ (ನೀರಿನ ದಾರಿಯ ಮುಚ್ಚಳ) ಎಲ್ಲ ಕಿತ್ತು ಹೊಸದು ಹಾಕಿ. ಒಳಗೆ ಕೈಬೆರಳು ಹಾಕಿದರೆ ಕೆಂಪು ಕೆಸರು ಬರುತ್ತದೆ, ಅದರಲ್ಲೂ ನಾಲ್ಕನೇ ಸಿಲಿಂಡರಿನ ಹಿಂದೆ. ಅದನ್ನು ತಂತಿಯಿಂದ ಕೆರೆದು ತೆಗೆಯದಿದ್ದರೆ ಎಂಥಾ ಹೊಸ ರೇಡಿಯೇಟರ್ ಹಾಕಿದರೂ ಎಂಜಿನ್ ಕಾಯುತ್ತದೆ. ನೀರಿನ ಪಂಪಿನ ಬೇರಿಂಗ್ ಮತ್ತು ಸೀಲ್ ಈಗಲೇ ಹಾಕಿಬಿಡಿ, ಅಳೆಯುತ್ತಾ ಕೂರುವ ಬಾಬತ್ತಲ್ಲ.

ಘಾಟ್ಕೋಪರ್ ಪದ್ಮಿನಿ

ಹೆಡ್ ಮಟ್ಟವಾಗಿಯೇ ಉಂಟು, 0.05ರ ಫೀಲರ್ ಕೂಡ ಹೋಗುವುದಿಲ್ಲ. ವಾಲ್ವ್ ಎಂಟೂ ಬದಲಿಸಬೇಕಾ?

ಚಿಂಚ್ವಡ್ ಮೈಕ್ರಾನ್

ಕಾಂಡ ಅಳೆದು ನೋಡಿ. ಗೈಡಿನ (ಕಾಂಡ ಜಾರುವ ಕೊಳವೆಯ) ಒಳಗೆ ಆಡುವ ಭಾಗದ ಅಳತೆಯನ್ನು ಆಡದ ಭಾಗದ ಜೊತೆ ಹೋಲಿಸಿದರೆ ಸವೆತ ತಿಳಿಯುತ್ತದೆ. ಸಾಮಾನ್ಯವಾಗಿ ಕಾಂಡಕ್ಕಿಂತ ಗೈಡೇ ಹೆಚ್ಚು ಸವೆದಿರುತ್ತದೆ, ಎಕ್ಸಾಸ್ಟ್ ಕಡೆಯದು ಇನ್ನೂ ಹೆಚ್ಚು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬಾರಿ ಬುಸ್ಸೆಂದು ನೀಲಿ ಹೊಗೆ ಬಂದು ನಿಲ್ಲುತ್ತಿದ್ದರೆ ಅದು ಗೈಡ್. ಗೈಡ್ ಬದಲಿಸಿದ ಮೇಲೆ ಸೀಟು ಕಟ್ ಮಾಡಲೇಬೇಕು, ನಡುಗೆರೆ ಬದಲಾಗಿರುತ್ತದೆ. ವಾಲ್ವಿನ ಅಂಚು ಗ್ರೈಂಡ್ ಮಾಡಿದ ಮೇಲೂ ದಪ್ಪ ಉಳಿದಿದ್ದರೆ ಹಳೇ ವಾಲ್ವೇ ಸಾಕು. ಅಂಚು ಚಾಕುವಿನಂತೆ ತೆಳುವಾದರೆ ಸುಡುತ್ತದೆ. ಕೊನೆಗೆ ಪೋರ್ಟಿನಲ್ಲಿ ಸೀಮೆಎಣ್ಣೆ ತುಂಬಿ ಬಿಡಿ. ಸೀಟಿನ ಸುತ್ತ ಒದ್ದೆಯಾಗದಿದ್ದರೆ ಕೆಲಸ ಸರಿ ಆಯಿತು.

ಮಡಗಾಂವ್ 1100

ಸೀಟಿನ ಬಗ್ಗೆ ಒಂದು ಸೇರಿಸುತ್ತೇನೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಆ ಸೀಸ ವಾಲ್ವ್ ಸೀಟಿಗೆ ಒಂದು ಪದರದಂತೆ ಕಾವಲಿತ್ತು. ಈಗ ಸೀಟು ಬದಲಿಸುವ ಪ್ರಸಂಗ ಬಂದರೆ ಗಟ್ಟಿ ಲೋಹದ ಸೀಟೇ ಹಾಕಿಸಿ. ಪೆಟ್ರೋಲಿನಲ್ಲಿ ಈಗ ಎಥೆನಾಲ್ 20 ಶೇಕಡಾ ತನಕ ಇದೆ. ಹಳೇ ರಬ್ಬರ್ ಅದಕ್ಕೆ ತಡೆಯುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್, ಹೋಸ್ ಪೈಪ್ ಎರಡನ್ನೂ ಎಥೆನಾಲ್ ತಡೆಯುವ ಜಾತಿಯದ್ದೇ ಕೇಳಿ ಹಾಕಿ. ಎಕ್ಸಾಸ್ಟಿನ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಗಾಡಿಯೇ ಉಳಿಯುವುದಿಲ್ಲ.

ಒಪೇರಾ ಹೌಸ್ ಕೌಂಟರ್

ಟ್ಯಾಪೆಟ್ ಹೇಗೆ ಇಟ್ಟಿದ್ದೀರಿ? ಒಂದೇ ಡಬ್ಬಿಯಲ್ಲಿ ಸುರಿದಿಲ್ಲ ತಾನೆ?

ಘಾಟ್ಕೋಪರ್ ಪದ್ಮಿನಿ

ಇಲ್ಲ, ಮೊಟ್ಟೆ ಟ್ರೇಯಲ್ಲಿ ಒಂದರಿಂದ ಎಂಟು ಅಂತ ಮಾರ್ಕರಿನಲ್ಲಿ ಬರೆದು ಇಟ್ಟಿದ್ದೇನೆ. ಪುಶ್ ರಾಡ್‌ಗಳನ್ನೂ ಒಂದು ರಟ್ಟಿಗೆ ತೂತು ಮಾಡಿ ಅದೇ ಕ್ರಮದಲ್ಲಿ ಸಿಕ್ಕಿಸಿದ್ದೇನೆ.

ಒಪೇರಾ ಹೌಸ್ ಕೌಂಟರ್

ಒಳ್ಳೇ ಕೆಲಸ ಮಾಡಿದಿರಿ. ಒಂದೊಂದು ಟ್ಯಾಪೆಟ್ ಕ್ಯಾಮಿನ ತನ್ನದೇ ಉಬ್ಬಿಗೆ ಹೊಂದಿಕೊಂಡು ಸವೆದಿರ್ತದೆ, ಸ್ಥಳ ಬದಲಾದರೆ ಎರಡೂ ಹಾಳು. ಅಡಿ ಬೆಳಕಿಗೆ ಹಿಡಿದು ನೋಡಿ. ಚೂರು ಉಬ್ಬಿರಬೇಕು ಅಥವಾ ಸಮ ಇರಬೇಕು. ಗುಳಿ ಬಿದ್ದದ್ದು, ಚುಕ್ಕೆ ಚುಕ್ಕೆ ಎದ್ದದ್ದು ತೆಗೆದಿಡಿ. ಹಳೇ ಕ್ಯಾಮಿಗೆ ಹೊಸ ಟ್ಯಾಪೆಟ್ ನಡೀತದೆ. ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ ಯಾವ ಕಾಲಕ್ಕೂ ಬೇಡ.

ಚೈನ್ ಹೊಸದು ಹಾಕಿ, ಎರಡೂ ಗೇರಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಅದನ್ನೂ ಬದಲಿಸಿ. ಮಿಸ್ತ್ರಿ ಹೇಳಿದ್ದರಲ್ಲಿ ಇದೊಂದು ಸರಿ. ಈಗ ಬರುವ ನಕಲು ಟ್ಯಾಪೆಟ್ ಬಹಳ ಮೆತ್ತಗೆ. ನಿಮ್ಮ ಹಳೇದು ಚೆನ್ನಾಗಿದ್ದರೆ ಅದಕ್ಕಿಂತ ಗಟ್ಟಿ ಸಾಮಾನು ಅಂಗಡಿಯಲ್ಲಿ ನಿಮಗೆ ಸಿಗುವುದಿಲ್ಲ. ಅಂಗಡಿಯವನಾಗಿ ಹೇಳುತ್ತಿದ್ದೇನೆ.

ಭೋಸರಿ ಲೇತ್

ಆಯಿಲ್ ಪಂಪ್ ಬಿಚ್ಚಿ ನೋಡಿದ್ರೇನು? ಆಯಿಲ್ ಲೈಟ್ ಮಿನುಗೋದಕ್ಕ ಬೇರಿಂಗ್ ಅರ್ಧ ಕಾರಣ, ಪಂಪ್ ಅರ್ಧ. ಗೇರ್ ಹಲ್ಲು ಚಲೋ ಇದ್ರೂ ಕವರಿನ್ಯಾಗ ಗೇರ್ ತಿರುಗಿ ತಿರುಗಿ ವೃತ್ತದ ಗುಳಿ ಬಿದ್ದಿರ್ತೈತಿ, ಒತ್ತಡ ಅಲ್ಲೇ ಸೋರತೈತಿ. ದಪ್ಪ ಗಾಜಿನ ಮ್ಯಾಲೆ ಎಮರಿ ಕಾಗದ ಹಾಸಿ, ಆಯಿಲ್ ಹಚ್ಚಿ, ಕವರ್ ಎಂಟಿನ ಆಕಾರದಾಗ ಉಜ್ಜರಿ, ಗುಳಿ ಮಾಯ ಆಗೂ ತನಕ. ಇದಕ್ಕ ಹತ್ತು ರೂಪಾಯಿ ಕಾಗದ ಬಿಟ್ರ ಖರ್ಚಿಲ್ಲ. ರಿಲೀಫ್ ವಾಲ್ವಿನ ಸ್ಪ್ರಿಂಗೂ ನೋಡ್ರಿ. ಜೋಡಸೂ ಮುಂದ ಪಂಪಿನ್ಯಾಗ ಆಯಿಲ್ ತುಂಬರಿ, ಒಣ ಪಂಪ್ ಆಯಿಲ್ ಎಳೀಲಿಕ್ಕೆ ಹೊತ್ತು ತಗೋತೈತಿ.

ಘಾಟ್ಕೋಪರ್ ಪದ್ಮಿನಿ

ಪಂಪ್ ಕವರಿನಲ್ಲಿ ಸ್ಪಷ್ಟವಾಗಿ ಎರಡು ಉಂಗುರದ ಗುಳಿ ಉಂಟು. ಇವತ್ತು ಉಜ್ಜಲು ಕೂರುತ್ತೇನೆ.

ಲೆಕ್ಕ ಈಗ ಹೀಗಾಯಿತು: ಮೂರನೇ ಸಿಲಿಂಡರಿಗೆ ಸ್ಲೀವ್, ನಾಲ್ಕೂ 20 ಓವರ್, ಪಿಸ್ಟನ್ ಮತ್ತು ರಿಂಗ್ ಹೊಸದು, ಶೆಲ್ ಹೊಸದು, ವಾಲ್ವ್ ಗೈಡ್ ಎಂಟೂ ಹೊಸದು, ಎಕ್ಸಾಸ್ಟ್ ವಾಲ್ವ್ ಎರಡು, ಚೈನ್, ಕೋರ್ ಪ್ಲಗ್, ನೀರಿನ ಪಂಪ್ ರಿಪೇರಿ, ಸೀಲು ಗ್ಯಾಸ್ಕೆಟ್ ಎಲ್ಲ. ಕ್ರ್ಯಾಂಕ್, ಕ್ಯಾಮ್, ಟ್ಯಾಪೆಟ್, ಉಳಿದ ವಾಲ್ವ್, ಹೆಡ್, ರಾಡ್ ನಮ್ಮದೇ. ಮಿಸ್ತ್ರಿಗೆ ಅಳತೆಯ ಕಾಗದ ತೋರಿಸಿದೆ. ಅವರು ಕೂತು ಒಂದೊಂದೇ ಓದಿ, ಹಾಗಾದರೆ ಹೀಗೇ ಮಾಡುವ ಅಂದರು. ಮೊದಲ ಸ್ಟಾರ್ಟ್ ಮತ್ತು ರನ್ನಿಂಗ್-ಇನ್ (ಹೊಸ ಎಂಜಿನ್ ಪಳಗಿಸುವುದು) ಬಗ್ಗೆ ಹೇಳಿ. ಮಿಸ್ತ್ರಿ ಎರಡು ದಿನ ಐಡಲಿಂಗಿನಲ್ಲಿ ಬಿಡಿ ಅನ್ನುತ್ತಾರೆ.

ಭೋಸರಿ ಲೇತ್

ಐಡಲಿಂಗ್ ಬ್ಯಾಡ್ರಿ. ರಿಂಗ್ ಗ್ವಾಡಿಗೆ ಹೊಂದಬೇಕಂದ್ರ ಹಿಂದಿನಿಂದ ಗ್ಯಾಸಿನ ಒತ್ತಡ ಬೇಕು, ಅದು ಲೋಡ್ ಬಿದ್ದಾಗಷ್ಟ ಬರೋದು. ಐಡಲಿಂಗಿನ್ಯಾಗ ಬಿಟ್ರ ಹೋನಿಂಗಿನ ಅಡ್ಡಗೀರು ಸವದು ನುಣುಪಾಗ್ತೈತಿ, ರಿಂಗ್ ಮಾತ್ರ ಕೂಡಂಗಿಲ್ಲ.

ಪ್ಲಗ್ ತಗದು ಸ್ಟಾರ್ಟರಿನಿಂದ ತಿರಗಿಸಿ ಆಯಿಲ್ ಲೈಟ್ ಆರಿದ ಮ್ಯಾಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡ್ರಿ. 20-50 ಖನಿಜ ಆಯಿಲ್ ಹಾಕ್ರಿ, ಸಿಂಥೆಟಿಕ್ ಈಗ ಬ್ಯಾಡ. ನೀರು, ಆಯಿಲ್ ಎಲ್ಲಿ ಸೋರತೈತಿ ನೋಡಿಕೊಂಡು, ಬಿಸಿ ಆದ ಕೂಡ್ಲೆ ರೋಡಿಗೆ ತಗೋರಿ. ಬೆಳಿಗ್ಗೆ ಬೇಗ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇದಾಗ ಠಾಣೆ ಕಡೆ ಹೋಗ್ರಿ. ಮೂರನೇ ಗೇರಿನ್ಯಾಗ ಅರ್ಧ ಆಕ್ಸಿಲರೇಟರ್ ಕೊಟ್ಟು ಏರಸೋದು, ಬಿಟ್ಟು ಇಳಸೋದು, ಹಿಂಗ ಮಾಡಿಕೋತ ಹೋಗ್ರಿ. ಒಂದ ವೇಗದಾಗ ಭಾಳ ಹೊತ್ತು ಬ್ಯಾಡ. ಖಂಡಾಲಾ ಘಾಟ್ ಈಗಲೇ ಹತ್ತಬ್ಯಾಡ್ರಿ, ಸಾವಿರ ಕಿ.ಮೀ. ಆಗಲಿ.

ಚಿಂಚ್ವಡ್ ಮೈಕ್ರಾನ್

ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಬಿಗಿಯಿರಿ. ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಅದೇ ಕ್ರಮದಲ್ಲಿ ಮತ್ತೆ ಟಾರ್ಕ್ ನೋಡಿ. ಬೋಲ್ಟ್ ಬಿಗಿದಾಗ ಗ್ಯಾಸ್ಕೆಟ್ ಕೂರುತ್ತದೆ, ಟ್ಯಾಪೆಟ್ ಸಂದಿ ಕಡಿಮೆಯಾಗುತ್ತದೆ. ಅದಕ್ಕೇ ಪ್ರತಿ ಬಾರಿ ಹೆಡ್ ಬಿಗಿದ ಮೇಲೆ ಟ್ಯಾಪೆಟ್ ಹೊಂದಿಸಬೇಕು, ಅಳತೆ ಕಂಪನಿಯ ಕೈಪಿಡಿಯದ್ದೇ. ಮೊದಲ ಆಯಿಲ್ 500 ಕಿ.ಮೀ.ಗೆ ಇಳಿಸಿ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಅಯಸ್ಕಾಂತ ಆಡಿಸಿ. ಬೂದಿಯಂಥ ನುಣ್ಣನೆ ಪುಡಿ ರಿಂಗಿನದ್ದು, ಅದು ಬಂದರೆ ಸರಿ. ಅಯಸ್ಕಾಂತಕ್ಕೆ ಹತ್ತದ ಹೊಳೆಯುವ ಚೂರು ಕಂಡರೆ ಗಾಡಿ ಓಡಿಸದೆ ಮೊದಲು ಇಲ್ಲಿ ಬರೆಯಿರಿ.

ಭೋಸರಿ ಲೇತ್

500 ಆದ ಮ್ಯಾಲೆ ಮತ್ತ ಕಂಪ್ರೆಷನ್ ನೋಡಿ ನಾಲ್ಕೂ ಅಂಕಿ ಬರೀರಿ. ಪ್ಲಗ್ ನಾಲ್ಕೂ ಸಾಲಾಗಿ ಇಟ್ಟು ಫೋಟೋ ಸುದ್ದಾ ಹಾಕ್ರಿ, ಮೂರನೇದರ ಬಣ್ಣ ನನಗ ನೋಡಬೇಕಾಗೈತಿ.